ಏಳು ಬೆರಳು

ಹೊರಡುವ ದಿನ ಲಿನ್ ಪ್ರಯೋಗಾಲಯದ ಬಾಗಿಲಲ್ಲಿ ನಿಂತು
ಹಸಿರು ಪೊಟ್ಟಣ ಕೊಟ್ಟ. ಏಳು ಬೆರಳು ತೋರಿಸಿದ,
ನನಗೆ ತಿಳಿಯಲಿಲ್ಲವೆಂದು ಇನ್ನೊಮ್ಮೆ ತೋರಿಸಿದ,
ನಕ್ಕು ಜೀಪು ಹತ್ತಿದ.
ಊದುಕುಲುಮೆ ಜೋಡಿಸಲು ಬಂದವನು.
ಹತ್ತು ತಿಂಗಳು ತೋರಣಗಲ್ಲಿನ ಧೂಳು ಕುಡಿದು
ಕಲಿತದ್ದು ಎರಡೇ ಮಾತು:
‘ಇನ್ನೊಂದು ಮಿರ್ಚಿ’, ‘ಸಾಕು’.

ಒಳಗೆ ಬಿಗಿಯಾಗಿ ಸುತ್ತಿಕೊಂಡ ಎಲೆಯ ಗುಂಡುಗಳು,
ನಮ್ಮ ಅದಿರುಂಡೆಗಳ ಚಿಕ್ಕ ತಂಗಿಯರ ಹಾಗೆ.
ಹೆಸರು ತಿಯೆ ಗ್ವಾನ್ ಯಿನ್. ತಿಯೆ ಅಂದರೆ ಕಬ್ಬಿಣ,
ಅವನ ದುಭಾಷಿ ಹುಡುಗಿ ಹೇಳಿದ್ದಳು,
ಕರುಣೆಯ ದೇವಿ, ಕಬ್ಬಿಣದಮ್ಮ.
ಇದೂ ಕಬ್ಬಿಣವೇ ಏನು, ಅಂದುಕೊಂಡೆ,
ದಿನಕ್ಕೆ ನಲವತ್ತು ನಮೂನೆಗೆ ಶೇಕಡಾ ಬರೆಯುವ ನಾನು.

ಹೊನ್ನೂರಸಾಬನ ಅಂಗಡಿಗೆ ಒಯ್ದೆ.
ಏಳು ಬೆರಳೆಂದರೆ ಏಳು ಚಮಚ ಸಕ್ಕರೆ, ಮತ್ತೇನು?
ಎಮ್ಮೆ ಹಾಲು, ಜಜ್ಜಿದ ಶುಂಠಿ, ಕುದಿಯ ಮೇಲೆ ಕುದಿ.
ಗುಂಡುಗಳು ಬಿಚ್ಚಿ ಪಾತ್ರೆ ತುಂಬಾ ತೊಪ್ಪಲು.
ಒಂದು ಗುಟುಕಿಗೆ ಅವನ ಮೀಸೆ ಓರೆಯಾಯಿತು:
‘ಮೇಡಂ, ಇದು ಚಾ ಅಲ್ರೀ, ಆಡಿನ ಮೇವು.
ಗುಡ್ಡಗುಡ್ಡಾನ ರೈಲಿಗೆ ತುಂಬಿ ಕಳಿಸಿದ್ವಿ,
ತಿರುಗಿ ಬಂದದ್ದು ಇದಾ?’

ಆಮೇಲೆ ರಾತ್ರಿ ಪಾಳಿಯಲ್ಲಿ ನಾನೇ ಕೂತೆ.
ಮೊದಲು ನೀರಿನ ಪರೀಕ್ಷೆ.
ಕೊಳವೆಬಾವಿಯದು ಗಡಸು: ಮೇಲೊಂದು ಪೊರೆ, ನಾಲಿಗೆಗೆ ಸುಣ್ಣ.
ಭಟ್ಟಿ ಇಳಿಸಿದ್ದು ಅತಿ ಶುದ್ಧ, ಮೂಕಸಾಕ್ಷಿಯಂತೆ;
ಎಲೆ ಏನು ಹೇಳಿದರೂ ಅದಕ್ಕೆ ದನಿ ಕೊಡದು.
ಕೊನೆಗೆ ಎಂಟು ದಿನಕ್ಕೊಮ್ಮೆ ನಲ್ಲಿಗೆ ಬರುವ ತುಂಗಭದ್ರೆ,
ಮಣ್ಣಿನ ಗಡಿಗೆಯಲ್ಲಿ ಒಂದಿರುಳು ತಿಳಿಯಾದದ್ದು.

ಪಾತ್ರೆಗೆ, ಬೀರುವಿನಲ್ಲಿದ್ದ ಹೊಸ ಪಿಂಗಾಣಿ ಮೂಸೆ;
ಮುಚ್ಚಳವಿತ್ತು, ಇನ್ನೂ ಬೆಂಕಿ ಕಂಡಿರಲಿಲ್ಲ.
ತಳದ ಗುಳ್ಳೆ ಸಾಸಿವೆಯಿಂದ ಕಡಲೆಯಷ್ಟಾದಾಗ ಇಳಿಸಿ
ಸುರಿದೆ. ಎಣಿಸಿದೆ. ಮುಚ್ಚಳ ಸರಿಸಿದೆ.

ಅಯ್ಯೋ,
ಅವ್ವ ಬೆಣ್ಣೆ ಕಾಸುವಾಗ ಕೊನೆಗೆ ಬಿಡುತ್ತಿದ್ದ
ವೀಳ್ಯದೆಲೆ ಚುರ್ ಅಂದ ಗಳಿಗೆ.
ಅದರ ಹಿಂದೆಯೇ ಎಳೆ ಜೋಳದ ಸೀತನಿ,
ಅಂಗೈಯಲ್ಲಿ ತಿಕ್ಕಿ ಊದಿದಾಗ ಬರುವ ಹಸಿ ಹಾಲಿನ ವಾಸನೆ.
ಬಣ್ಣ? ಇದೆಯೋ ಇಲ್ಲವೋ.
ನುಂಗಿದ ಮೇಲೆ, ನೆಲ್ಲಿಕಾಯಿ ತಿಂದು ನೀರು ಕುಡಿದಂತೆ,
ಗಂಟಲಿನಿಂದ ಸಿಹಿ ತಾನಾಗಿ ಮೇಲೆದ್ದು ಬಂತು.
ಸಕ್ಕರೆ ಯಾರೂ ಹಾಕಿರಲಿಲ್ಲ.

ಅದೇ ಎಲೆಗೆ ಮತ್ತೆ ನೀರು. ಎರಡನೆಯದು ಮೊದಲಿಗಿಂತ ಗಟ್ಟಿ.
ಮೂರನೆಯದಕ್ಕೆ ಸುಗಂಧರಾಜ.
ಆಗ ತಿಳಿಯಿತು ಬೆರಳುಗಳ ಲೆಕ್ಕ.

ಒಂದು ಎಲೆ ತೆಗೆದು ಗಾಜಿನ ಮೇಲೆ ಹರಡಿದೆ:
ನಡುವೆಲ್ಲ ಹಸಿರು, ಅಂಚಷ್ಟೇ ಕೆಂಪು.
ಗಾಳಿ ತಾಗಿ ಕೆಂಪಾಗುವುದು ನನಗೆ ಗೊತ್ತಿಲ್ಲದ್ದಲ್ಲ.
ನಮ್ಮಲ್ಲಿ ದಾರಿ ಕೆಂಪು, ಬೇವು ಕೆಂಪು,
ಸೀರೆ ಜಾಲಿಸಿದ ನೀರು, ಕೂಸಿನ ಮೂಗು, ನನ್ನ ಉಗುರಿನ ಸಂದಿ.
ಈ ಎಲೆಗೂ ಅದೇ ಗಾಳಿ ತಾಗಿದೆ,
ಅದೇ ಕೆಂಪು ಅಂಚಿನಿಂದ ಒಳಕ್ಕೆ ಹೊರಟಿದೆ,
ಅಷ್ಟರಲ್ಲಿ ಯಾರೋ ಕಾದ ಬಾಣಲೆಯ ಮುಂದೆ ನಿಂತು,
ಮೂಗಿಗೆ ಹಿಡಿದು ನೋಡಿ,
ಸಾಕು ಅಂದಿದ್ದಾರೆ.

ಆ ಒಂದು ಮಾತು ಎಲ್ಲಿ ಕಲಿತನೋ ಲಿನ್,
ಇಲ್ಲಿಯೇ ಅಂತೂ ಅಲ್ಲ.

ಬೆಳಗಿನ ಜಾವ ಖಾಲಿ ಗ್ಲಾಸು ಒಯ್ಯಲು ಬಂದ ಹೊನ್ನೂರಸಾಬನಿಗೆ
ಏಳನೆಯದನ್ನು ಕೊಟ್ಟೆ. ಬೇಡವೆಂದ. ಕುಡಿದ.
ತುಸು ಹೊತ್ತು ಕಿಟಕಿಯ ಆಚೆ ವ್ಯಾಗನ್ನುಗಳನ್ನು ನೋಡಿದ.
‘ಇನ್ನೂ ಐತಲ್ರೀ,’ ಅಂದ ಮೆಲ್ಲಗೆ,
‘ನೀರಾಗೇತಿ, ಆದ್ರ ಇನ್ನೂ ಐತಿ.’

ಹೋಗುವಾಗ ಬಸಿದ ಎಲೆಗಳನ್ನು
ಹಳೇ ವರದಿಯ ಹಾಳೆಯಲ್ಲಿ ಕಟ್ಟಿಕೊಂಡ.
ಎಂಟನೆಯದು ಆಡಿನದಂತೆ.
ಅದು ಏನನ್ನುತ್ತದೋ ನಾಳೆ ಬಂದು ಹೇಳುತ್ತಾನಂತೆ.